ನೇತ್ರಾಣಿಯ ನೀರಿನಡಿಯಲ್ಲಿ

ಆನವಟ್ಟಿಯಲ್ಲಿ ಕೆರೆಗೆ ಬಿದ್ದು ಈಜು ಕಲಿತ ನಮಗೆ ಮುಳುಗುವುದೆಂದರೆ ಉಸಿರು ಬಿಗಿಹಿಡಿಯುವುದೆಂದೇ ಅರ್ಥ. ಕಳೆದ ಡಿಸೆಂಬರಿನಲ್ಲಿ ಗೆಳೆಯರೊಡನೆ ಮುರುಡೇಶ್ವರದಿಂದ ದೋಣಿಯೇರಿ, ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮುಳುಗಿಗೆಂದು ಹೋದಾಗ ಕೇಳಿದ ಮೊದಲ ಪಾಠವೇ ಬೇರೆ: "ಉಸಿರು ಹಿಡಿಯಲೇಬಾರದು."

ಕಾರಣವುಂಟು. 10 ಮೀಟರು ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೇರುವಾಗ ಹಿಗ್ಗುತ್ತದೆ. ಹೊರಬಿಡದಿದ್ದರೆ ಶ್ವಾಸಕೋಶವೇ ಹರಿದೀತು.

ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಇಳಿದೊಡನೆ ಎದೆ ಡವಗುಟ್ಟಿ ಉಸಿರು ತಾನಾಗಿ ಕಟ್ಟಿತು. ತರಬೇತುದಾರರು ಕೈಸನ್ನೆ ಮಾಡಿದರು. ಮೆಲ್ಲನೆ ಬಿಟ್ಟೆ. ಗುಳ್ಳೆಗಳು ಸಾಲಾಗಿ ಮೇಲೇರಿದವು, ಭಯವೂ ಇಳಿಯಿತು. ಆಗಲೇ ಹವಳದ ಬಂಡೆಯನ್ನು ಕಡಿಯುತ್ತಿದ್ದ ಗಿಳಿಮೀನು ಕಣ್ಣಿಗೆ ಬಿದ್ದದ್ದು!

ಕೆರೆಯಲ್ಲಿ ಎಷ್ಟೇ ನುರಿತವರಾಗಿರಲಿ, ಸಮುದ್ರಕ್ಕಿಳಿಯುವ ಸಹಪಾಠಿಗಳು ಈ ಪಾಠವನ್ನು ದಡದಲ್ಲಿಯೇ ಕಲಿತು ಹೊರಡುವುದು ಲೇಸು.