ಕತ್ತಲಲ್ಲಿ ಮುಗಿಯುವ ಕೀರ್ತನೆ

ಸತ್ಯವೇದದ 150 ಕೀರ್ತನೆಗಳಲ್ಲಿ 88ನೆಯದನ್ನು ಭಾನುವಾರದ ಆರಾಧನೆಯಲ್ಲಿ ಓದಿದ್ದನ್ನು ನಾನು ಕೇಳಿದ್ದು ತೀರ ಕಡಿಮೆ. 23ನೆಯದು ಮಕ್ಕಳಿಗೂ ಬಾಯಿಪಾಠ. 91ನೆಯದನ್ನು ಚೌಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕುತ್ತೇವೆ. 121ನೆಯದನ್ನು ಊರು ಬಿಟ್ಟು ಹೊರಟವರಿಗೆ ಓದಿ ಕಳಿಸುತ್ತೇವೆ. 88ನೆಯದನ್ನು ಯಾವ ಮನೆಯ ಗೋಡೆಯ ಮೇಲೂ ನಾನು ಕಂಡಿಲ್ಲ. ಉಳಿದ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಎಷ್ಟೇ ಅತ್ತರೂ ಕೊನೆಯ ಹೊತ್ತಿಗೆ ಕಣ್ಣೊರೆಸಿಕೊಂಡು ದೇವರನ್ನು ಕೊಂಡಾಡುತ್ತವೆ. ಇದು ಹಾಗೆ ತಿರುಗುವುದೇ ಇಲ್ಲ. ಹಗಲಿರುಳು ಕೂಗಿದರೂ ದೇವರು ಮುಖ ತೋರಲಿಲ್ಲ, ಬೇಕಾದವರೆಲ್ಲ ದೂರವಾದರು ಎಂದು ಗೋಳಾಡುತ್ತ ಗೋಳಾಡುತ್ತ ಕತ್ತಲಲ್ಲೇ ನಿಂತುಬಿಡುತ್ತದೆ.

ಇದರ ತಲೆಬರಹದಲ್ಲಿ ಕೋರಹೀಯರ ಹೆಸರಿದೆ. ಕೋರಹೀಯರೆಂದರೆ ದೇವಾಲಯದಲ್ಲಿ ಹಾಡುವ ಮನೆತನ. ಹಾಗಾದರೆ ಈ ಗೋಳು ಸಭೆಯ ನಡುವೆ, ಎಲ್ಲರ ಕಿವಿಗೆ ಬೀಳುವಂತೆ ಹಾಡಲಿಕ್ಕೆಂದೇ ಇದ್ದದ್ದು. ಕೀರ್ತನೆಗಳನ್ನು ಒಟ್ಟುಗೂಡಿಸಿದ ಹಿರಿಯರಿಗೆ ಇದನ್ನು ಕೈಬಿಡುವುದು ಕಷ್ಟವಾಗಿರಲಿಲ್ಲ. ಕೊನೆಗೆ ಒಂದು ಸ್ತುತಿಯ ಸಾಲು ಸೇರಿಸಿ ಸರಿಮಾಡುವುದಂತೂ ಇನ್ನೂ ಸುಲಭವಿತ್ತು. ಅವರು ಎರಡನ್ನೂ ಮಾಡಲಿಲ್ಲ. ಬೆಳಕು ಕಾಣದವನ ಕೂಗನ್ನೂ ಪ್ರಾರ್ಥನೆಯೆಂದೇ ಎಣಿಸಿ, ಇದ್ದಂತೆಯೇ ಇಟ್ಟರು. ಆ ಹಿರಿಯರಿಗೆ ನಾನು ಎಷ್ಟು ಋಣಿಯೆಂದು ಹೇಳಲಾರೆ. ಸಭಾಪಾಲಕರಲ್ಲಿ ನನ್ನದೊಂದು ಕೋರಿಕೆಯೂ ಇದೆ: ವರ್ಷಕ್ಕೊಂದು ಭಾನುವಾರವಾದರೂ ಈ ಕೀರ್ತನೆಯನ್ನು ಪೂರ್ತಿ ಓದಿಸಿ, ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಅಂದು ಕೊನೆಯ ಬೆಂಚಿನಲ್ಲಿ ಕೂತ ಒಬ್ಬರಿಗೆ, ಈ ಗುಡಿಯಲ್ಲಿ ನನಗೂ ಜಾಗವಿದೆ ಅನ್ನಿಸುತ್ತದೆ.

ನಾನು ಬರೆಯುತ್ತಿರುವುದು ಆ ಕೊನೆಯ ಬೆಂಚಿನವರಿಗೇ. ಸಂಗೀತ ಪುಸ್ತಕ ಕೈಯಲ್ಲಿದ್ದರೂ ಬಾಯಿ ತೆರೆಯಲಾಗದವರಿಗೆ, ಕರ್ತನ ಭೋಜನಕ್ಕೆ ಎಲ್ಲರೂ ಎದ್ದಾಗ ಏಳಲು ಹೆದರುವವರಿಗೆ. ಪ್ರಾರ್ಥಿಸಲು ಮೊಣಕಾಲೂರಿದರೆ ಎದುರಿಗೆ ಯಾರೂ ಇಲ್ಲವೆನಿಸುತ್ತದೆ. ನನ್ನ ರಕ್ಷಣೆ ನಿಜವೋ ಸುಳ್ಳೋ, ಕ್ಷಮಿಸಲಾರದ ಪಾಪ ಮಾಡಿಬಿಟ್ಟೆನೋ, ದೇವರು ನನ್ನನ್ನು ಕೈಬಿಟ್ಟನೋ ಎಂದು ರಾತ್ರಿಯಿಡೀ ಮನಸ್ಸು ಸುತ್ತುತ್ತದೆ. ಈಗ ಆ ಸುತ್ತಾಟಕ್ಕೆ ಮೊಬೈಲ್ ಬೇರೆ ಸೇರಿಕೊಂಡಿದೆ. ನಿದ್ದೆ ಬಾರದೆ ತೆರೆದರೆ ಒಬ್ಬ ಬೋಧಕರು ನಿನ್ನ ದೀಕ್ಷಾಸ್ನಾನವೇ ಸರಿಯಾಗಿಲ್ಲ ಅನ್ನುತ್ತಾರೆ. ಇನ್ನೊಬ್ಬರು ಇದು ಹಿರಿಯರ ಶಾಪವೆನ್ನುತ್ತಾರೆ. ಮತ್ತೊಬ್ಬರು ನಿನ್ನ ವಿಶ್ವಾಸ ಸಾಲದು, ಇಷ್ಟು ಕಾಣಿಕೆ ಕಳಿಸಿದರೆ ಬಿಡುಗಡೆಯಾಗುತ್ತದೆ ಅನ್ನುತ್ತಾರೆ. ಇಂಥ ಮಾತು ಒಂದು ನೊಂದ ಜೀವಕ್ಕೆ ಮಾಡುವ ಗಾಯ ಎಂಥದೆಂದು ನಾನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಹೇಳುತ್ತೇನೆ, ಆ ಧ್ವನಿಗಳನ್ನು ಸದ್ಯಕ್ಕೆ ಆರಿಸಿಬಿಡಿ. ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಸಾಕು. ಯೇಸು ದಣಿದವರ ಹತ್ತಿರ, ಹೆದರಿದವರ ಹತ್ತಿರ, ಅರೆನಂಬಿಕೆಯವರ ಹತ್ತಿರ ಹೇಗೆ ನಡೆದುಕೊಂಡನೆಂದು ಮಾತ್ರ ನೋಡಿ.

ಕ್ಷಮಿಸಲಾರದ ಪಾಪದ ಮಾತು ಬರುವುದೂ ಅದೇ ಮಾರ್ಕನ 3ನೇ ಅಧ್ಯಾಯದಲ್ಲಿ. ಆ ಮಾತನ್ನು ಯೇಸು ಯಾರಿಗೆ ಹೇಳಿದನೆಂಬುದನ್ನು ಬಿಟ್ಟು ಓದಿದವರೇ ಅದರಿಂದ ಹೆದರಿ ಸೊರಗಿದ್ದಾರೆ. ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು ರೋಗಿಗಳು ವಾಸಿಯಾದದ್ದನ್ನು ಕಂಡೂ, ಇದು ದೆವ್ವದ ಕೆಲಸವೆಂದು ಗಟ್ಟಿಯಾಗಿ ಸಾರಿದರು. ಅವರಿಗೆ ಅಳುಕಿರಲಿಲ್ಲ, ಕಣ್ಣೀರಿರಲಿಲ್ಲ. ನಾನು ಆ ಪಾಪ ಮಾಡಿದೆನೇ ಎಂದು ನಡುಗುವವರು ಆ ಶಾಸ್ತ್ರಿಗಳ ಸಾಲಿನಲ್ಲಿಲ್ಲ. ಅನುಭವವುಳ್ಳ ಸಭಾಪಾಲಕರು ತಲೆಮಾರುಗಳಿಂದ ಕೊಡುತ್ತ ಬಂದ ಉತ್ತರ ಇದೇ, ಅದನ್ನು ನಾನು ಪೂರ್ತಿ ನಂಬುತ್ತೇನೆ. ಬೆಡ್‌ಫರ್ಡಿನ ಪಾತ್ರೆ ರಿಪೇರಿಯವನಾಗಿದ್ದ ಜಾನ್ ಬನ್ಯನ್ ಇದೇ ಭಯದಲ್ಲಿ ಬಹುಕಾಲ ಬೆಂದ. ಕ್ರಿಸ್ತನನ್ನು ಮಾರಿಬಿಡು ಎಂಬ ಧ್ವನಿ ತನ್ನನ್ನು ಹಗಲೂ ರಾತ್ರಿ ಕಾಡಿತೆಂದು, ಮಾರಿಯೇಬಿಟ್ಟೆನೆಂದು ತಾನು ನಂಬಿದ್ದೆನೆಂದು 1666ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಬಿಚ್ಚಿ ಹೇಳಿದ್ದಾನೆ. ಮುಂದೆ 1678ರಲ್ಲಿ ಅವನು ಪ್ರಕಟಿಸಿದ ಯಾತ್ರಿಕನ ಕಥೆಯನ್ನು ಬಾಸೆಲ್ ಮಿಷನ್ನಿನವರು 19ನೇ ಶತಮಾನದಲ್ಲೇ ಕನ್ನಡಕ್ಕೆ ತಂದರು. ನಮ್ಮ ಹಳೆಯ ಕ್ರೈಸ್ತ ಮನೆಗಳಲ್ಲಿ ಅದನ್ನು ಓದಿ ಬೆಳೆದವರು ಬಹಳ. ಅದರಲ್ಲಿ ನಿರಾಶೆಯೆಂಬ ರಾಕ್ಷಸನ ಕೋಟೆ ಬರುತ್ತದೆ. ಯಾತ್ರಿಕನು ಅಲ್ಲಿ ಸೆರೆಸಿಕ್ಕಿ, ಬದುಕೇ ಬೇಡವೆನ್ನುವಷ್ಟು ಸೋಲುತ್ತಾನೆ. ವಾಗ್ದಾನದ ಕೀಲಿಕೈಯಿಂದ ಬಾಗಿಲು ತೆರೆದದ್ದು ಎಲ್ಲರ ನೆನಪಿನಲ್ಲಿದೆ. ಆ ಕೀಲಿಕೈ ನೆನಪಾಗುವ ತನಕ ಅವನು ಬದುಕಿ ಉಳಿದದ್ದಾದರೂ ಹೇಗೆ? ಅದೇ ಸೆರೆಯಲ್ಲಿ ಪಕ್ಕಕ್ಕೆ ಕೂತು, ಬೇಡಪ್ಪಾ, ಇನ್ನೊಂದಿಷ್ಟು ತಾಳು ಎನ್ನಲು ಒಬ್ಬ ಗೆಳೆಯನಿದ್ದ.

ಆ ಗೆಳೆಯನಂಥವರನ್ನು ನೆನೆದಾಗಲೆಲ್ಲ ನನಗೆ ವಿಲಿಯಂ ಕೂಪರ್ ಕಣ್ಣಮುಂದೆ ಬರುತ್ತಾನೆ. 1731ರಲ್ಲಿ ಹುಟ್ಟಿದ ಇಂಗ್ಲಿಷ್ ಕವಿ. ಆರನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ. 1763ರಲ್ಲಿ ಒಂದು ಸರಕಾರಿ ಹುದ್ದೆಯ ಪರೀಕ್ಷೆಗೆ ನಿಲ್ಲಬೇಕಾದಾಗ ಮನಸ್ಸು ಪೂರ್ತಿ ಕುಸಿದು, ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದ. ಸೇಂಟ್ ಆಲ್ಬನ್ಸ್‌ನ ಡಾಕ್ಟರ್ ಕಾಟನ್ ಎಂಬ ದಯಾವಂತ ವೈದ್ಯರು ತಮ್ಮ ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡರು. ಅಲ್ಲಿಯೇ ಸತ್ಯವೇದ ಓದುತ್ತ ಕ್ರಿಸ್ತನ ಕೃಪೆಯನ್ನು ಕಂಡು ಆನಂದಿಸಿದ. ಆಮೇಲೆ ಓಲ್ನಿ ಎಂಬ ಸಣ್ಣ ಊರಿಗೆ ಬಂದು, ಅಲ್ಲಿನ ಸಭಾಪಾಲಕ ಜಾನ್ ನ್ಯೂಟನ್ನನ ನೆರೆಯಲ್ಲಿ ಮನೆ ಮಾಡಿದ. ನ್ಯೂಟನ್ ಒಂದು ಕಾಲಕ್ಕೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು. ಇಬ್ಬರೂ ಕೂಡಿ ಬಡ ಸಭೆಗಾಗಿ ಹಾಡುಗಳನ್ನು ಕಟ್ಟತೊಡಗಿದರು.

1773ರ ಜನವರಿಯಲ್ಲಿ ಎಲ್ಲ ಮತ್ತೆ ಕುಸಿಯಿತು. ಇಂದು ಲೋಕವೆಲ್ಲ ಹಾಡುವ ನ್ಯೂಟನ್ನನ ‘ಅಮೇಜಿಂಗ್ ಗ್ರೇಸ್’ ಆ ಹೊಸವರ್ಷದ ದಿನದ ಪ್ರಸಂಗಕ್ಕೆಂದೇ ಬರೆದದ್ದು. ಅದೇ ತಿಂಗಳಲ್ಲಿ ಅವನ ಅತ್ಯಂತ ಆಪ್ತ ಗೆಳೆಯನ ಮನಸ್ಸಿಗೆ ಕತ್ತಲು ಕವಿಯಿತು. ಕೆಲ ವಾರಗಳಲ್ಲಿ ಕೂಪರನಿಗೆ ಒಂದು ಕನಸು ಬಿತ್ತು. ನಿನ್ನ ಕಥೆ ಮುಗಿಯಿತು, ನಿನಗೆ ರಕ್ಷಣೆಯಿಲ್ಲ ಎಂದು ದೇವರೇ ಹೇಳಿದಂತೆ ಅವನಿಗೆ ತೋರಿತು. ಉಳಿದವರಿಗೆಲ್ಲ ಕೃಪೆ ಉಂಟು, ತನ್ನೊಬ್ಬನಿಗೆ ಮಾತ್ರ ಇಲ್ಲ ಎಂದು ನಂಬಿಬಿಟ್ಟ. ಪ್ರಾರ್ಥಿಸುವ ಹಕ್ಕೂ ತನಗಿಲ್ಲವೆಂದುಕೊಂಡು ಗುಡಿಗೆ ಹೋಗುವುದನ್ನು ನಿಲ್ಲಿಸಿದ.

ಆಗ ನ್ಯೂಟನ್ ಮಾಡಿದ್ದನ್ನು ಪ್ರತಿಯೊಬ್ಬ ಸಭಾಪಾಲಕರೂ ಓದಿ ತಿಳಿಯಬೇಕು. ಕೂಪರ್ ಆ ವರ್ಷದ ವಸಂತದಲ್ಲಿ ಅವನ ಮನೆಗೆ ಬಂದವನು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದ. ನ್ಯೂಟನ್ನನೂ ಅವನ ಹೆಂಡತಿಯೂ ಆ ಭಾರ ಹೊತ್ತರು. ಮೇರಿ ಅನ್‌ವಿನ್ ಎಂಬ ವಿಧವೆ ತಾಯಿಯಂತೆ ಹಗಲಿರುಳು ಕೂಪರನ ಬಳಿಯಿದ್ದರು. 1774ರಲ್ಲಿ ನೆರೆಯವರು ಮೊಲದ ಮರಿ ತಂದುಕೊಟ್ಟರು. ಕೂಪರ್ ಮೂರು ಮೊಲಗಳನ್ನು ಸಾಕಿದ, ಅವಕ್ಕೆ ಗೂಡು ಮಾಡಿದ, ಬಡಗಿ ಕೆಲಸ ಕಲಿತ, ಸೌತೆಬಳ್ಳಿ ಬೆಳೆಸಿದ. ಸ್ವಲ್ಪ ಸ್ವಲ್ಪವಾಗಿ ಲೇಖನಿ ಮತ್ತೆ ಕೈಗೆ ಬಂತು. ಓಲ್ನಿಯ ಹಾಡುಗಳ ಪುಸ್ತಕ 1779ರಲ್ಲಿ ಅಚ್ಚಾದಾಗ ಅದರಲ್ಲಿ ಕೂಪರನ ಹಾಡುಗಳು ಅರವತ್ತಕ್ಕೂ ಹೆಚ್ಚಿದ್ದವು. 1785ರಲ್ಲಿ ಅವನ ದೊಡ್ಡ ಕಾವ್ಯ ‘ದಿ ಟಾಸ್ಕ್’ ಬಂತು. 1800ರಲ್ಲಿ ತೀರಿಕೊಳ್ಳುವ ತನಕ ಒಳಗಿನ ಭಯ ಮಾತ್ರ ಪೂರ್ತಿ ಹೋಗಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಅವನ ಬಾಳು ನನಗೆ ಕಲಿಸಿದ್ದು ಇಷ್ಟು: ಕೂಪರ್ ತನ್ನ ಬಗ್ಗೆ ಕೊಟ್ಟುಕೊಂಡ ತೀರ್ಪು ತಪ್ಪಾಗಿತ್ತು. ಸುತ್ತಲಿನವರಿಗೆಲ್ಲ ಅದು ತಪ್ಪೆಂದು ಕಾಣುತ್ತಿತ್ತು, ಅವನೊಬ್ಬನಿಗೆ ಕಾಣಲಿಲ್ಲ. ದೇವರು ಬಿಟ್ಟನೆಂದು ಅವನು ಹೇಳುತ್ತಿದ್ದ ವರ್ಷಗಳಲ್ಲೆಲ್ಲ ಅವನಿಗೆ ಊಟವಿತ್ತು, ಗೆಳೆಯರಿದ್ದರು, ಕೆಲಸವಿತ್ತು, ಅವನ ಹಾಡಿನಿಂದ ಬೇರೆಯವರು ಬಲ ಪಡೆಯುತ್ತಿದ್ದರು. ನಿಮ್ಮ ಮನಸ್ಸು ನಿಮ್ಮ ಬಗ್ಗೆ ಈಗ ಕೊಡುತ್ತಿರುವ ತೀರ್ಪನ್ನೂ ಅಷ್ಟು ಸುಲಭಕ್ಕೆ ಒಪ್ಪಬೇಡಿ. ನಿರಾಶೆ ಒಳ್ಳೆಯ ನ್ಯಾಯಾಧೀಶನಲ್ಲ.

ಇಂಥದೇ ಕತ್ತಲನ್ನು ಬಿಚ್ಚಿಟ್ಟ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾದಾಗ ಲೋಕ ಬೆರಗಾಯಿತು. ಕೋಲ್ಕತ್ತದ ಬೀದಿಗಳಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಂಡ ಆ ತಾಯಿ, ಸುಮಾರು ಐವತ್ತು ವರ್ಷ ದೇವರ ಸಾಮೀಪ್ಯ ಅನುಭವಕ್ಕೆ ಬಾರದೆ ಒಳಗೇ ಕತ್ತಲನ್ನು ಸಹಿಸಿದ್ದರು. ಆ ಪತ್ರಗಳನ್ನು ಸುಟ್ಟುಬಿಡಿ ಎಂದು ಅವರೇ ಕೇಳಿಕೊಂಡಿದ್ದರು. ಆ ಕತ್ತಲಲ್ಲೂ ಪ್ರತಿ ಬೆಳಗ್ಗೆ ಎದ್ದು ಪೂಜೆಗೆ ಹೋದರು, ಆಮೇಲೆ ರೋಗಿಗಳ ಹುಣ್ಣು ತೊಳೆದರು. ಕಥೋಲಿಕ ಸಭೆ 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು, ಆ ಕತ್ತಲೆಲ್ಲ ಗೊತ್ತಿದ್ದೇ ಘೋಷಿಸಿತು.

ಪ್ರವಾದಿ ಎಲೀಯನ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಕರ್ಮೆಲ್ ಬೆಟ್ಟದಲ್ಲಿ ಗೆದ್ದು ಬಂದವನು ಅದರ ಬೆನ್ನಿಗೇ ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು ನನ್ನ ಪ್ರಾಣ ತೆಗೆದುಕೋ ಎಂದು ಬೇಡಿದ. ದೇವರು ಅವನನ್ನು ಬೈಯಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತೆಂದೂ ಕೇಳಲಿಲ್ಲ. ದೂತನು ರೊಟ್ಟಿ ಸುಟ್ಟು, ನೀರಿಟ್ಟು, ಎಬ್ಬಿಸಿ ಉಣ್ಣಿಸಿದ. ಎಲೀಯ ಉಂಡು ಮತ್ತೆ ಮಲಗಿದ. ಎರಡನೆಯ ಸಲವೂ ದೂತ ಬಂದು ಉಣ್ಣಿಸಿದ. ಮಾತುಕತೆ ನಡೆದದ್ದು ಹೋರೇಬ್ ಬೆಟ್ಟದಲ್ಲಿ, ಎಷ್ಟೋ ದಿನಗಳ ಮೇಲೆ. ಆಗಲೂ, ನೀನೊಬ್ಬನೇ ಉಳಿದಿಲ್ಲ, ಇನ್ನೂ ಏಳು ಸಾವಿರ ಜನ ಇದ್ದಾರೆ ಎಂದು ದೇವರು ತಿಳಿಸಿ, ಜೊತೆಗಾರನಾಗಿ ಎಲೀಷನನ್ನು ಕೊಟ್ಟ.

ಗದಗ-ಬೆಟಗೇರಿಯ ನಮ್ಮ ದೊಡ್ಡವ್ವ ಈ ಕಥೆಯನ್ನು ಬದುಕಿ ತೋರಿಸಿದವಳು. ಓಣಿಯಲ್ಲಿ ಒಬ್ಬಳು ಮಗನನ್ನು ಕಳೆದುಕೊಂಡು, ದೇವರೇ ಇಲ್ಲವೆಂದು ಮೂಲೆ ಹಿಡಿದು ಕೂತಿದ್ದಳು. ಬಂದವರೆಲ್ಲ ವಚನ ಹೇಳಿ ಹೋಗುತ್ತಿದ್ದರು. ದೊಡ್ಡವ್ವ ಹೋದವಳೇ ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ‘ನೀ ಏನೂ ಮಾತಾಡಬ್ಯಾಡವಾ. ಎರಡು ತುತ್ತು ಉಣ್ಣು, ಮಲಕೋ. ಪ್ರಾರ್ಥನಾ ಸದ್ಯಕ್ಕ ನಾವು ಮಾಡ್ತೀವಿ’ ಅಂದಳು. ಮರುದಿನವೂ ಹೋದಳು, ಅದರ ಮರುದಿನವೂ ಹೋದಳು. ಯೋಬನ ಗೆಳೆಯರು ಮೊದಲ ಏಳು ದಿನ ಏನೂ ಹೇಳದೆ ನೆಲದ ಮೇಲೆ ಕೂತಿದ್ದಾಗ ಸರಿಯಾಗಿಯೇ ಇದ್ದರು. ಬಾಯಿ ತೆರೆದು ದೇವರ ಪರವಾಗಿ ವಾದಿಸತೊಡಗಿದ ಮೇಲೆಯೇ ಅವರು ದಾರಿ ತಪ್ಪಿದ್ದು. ಕೊನೆಯಲ್ಲಿ ದೇವರ ಕೋಪ ತಿರುಗಿದ್ದೂ ಅವರ ಮೇಲೆಯೇ.

ನಾವು ಮಾಡ್ತೀವಿ ಎಂದ ದೊಡ್ಡವ್ವನ ಮಾತಿಗೆ ಸುವಾರ್ತೆಯಲ್ಲೇ ಆಧಾರವಿದೆ. ಕಪೆರ್ನೌಮಿನಲ್ಲಿ ಒಬ್ಬ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು. ಜನಸಂದಣಿಯಲ್ಲಿ ದಾರಿ ಸಿಗದೆ ಮನೆಯ ಮಾಡು ತೆಗೆದು ಅವನನ್ನು ಕೆಳಗಿಳಿಸಿದರು. ಯೇಸು ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನೂ ಎಂದು ಮಾರ್ಕ ಹೇಳುತ್ತಾನೆ. ಮಲಗಿದ್ದವನು ಏನು ನಂಬಿದ್ದ, ಎಷ್ಟು ನಂಬಿದ್ದ ಎಂದು ಯಾರೂ ಪರೀಕ್ಷಿಸಲಿಲ್ಲ. ಈಗ ನಿಮ್ಮ ಕೈಲಿ ನಂಬಲಾಗದಿದ್ದರೆ, ನಿಮ್ಮ ಪಾಲಿನ ನಂಬಿಕೆಯನ್ನು ಸ್ವಲ್ಪ ಕಾಲ ಸಭೆ ಹೊರಲಿ. ಸಭೆಯೆಂಬುದು ಇರುವುದೇ ಅದಕ್ಕೆ. ಶಿಲುಬೆಯ ಮೇಲೆ ಯೇಸುವೇ ಕೈಬಿಡಲ್ಪಟ್ಟವನ ಕೂಗನ್ನು ಕೂಗಿದ. ನೀವು ಇಳಿದಿರುವ ಆಳಕ್ಕೆ ನಿಮಗಿಂತ ಮೊದಲೇ ಇಳಿದವನು ಅವನು. ಅಲ್ಲಿ ನೀವು ಒಂಟಿಯಲ್ಲ, ನಿಮಗೆ ಹಾಗನ್ನಿಸದಿದ್ದರೂ ಒಂಟಿಯಲ್ಲ.

ಕೂಪರನ ಕಾಲದಲ್ಲಿ ಇಲ್ಲದ ಔಷಧಗಳು ಇಂದು ಇವೆ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಅಪರಾಧಭಾವ ಬಿಡುವುದಿಲ್ಲವೆಂದರೆ ಅದು ಖಿನ್ನತೆಯ ಕಾಯಿಲೆಯೂ ಇರಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರನ್ನು ಅವಿಶ್ವಾಸಿಗಳೆಂದು ಯಾರೂ ಅನ್ನುವುದಿಲ್ಲ, ಇದಕ್ಕೂ ಅನ್ನಕೂಡದು. ಪ್ರಾರ್ಥನೆ ನಡೆಯಲಿ, ವೈದ್ಯರ ಹತ್ತಿರವೂ ಹೋಗಿ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡವೆಂಬ ಯೋಚನೆ ಬರುತ್ತಿದ್ದರೆ ನಾಳೆಗೆ ಕಾಯಬೇಡಿ. ಈಗಲೇ ಆ ಸಂಖ್ಯೆಗೆ ಕರೆ ಮಾಡಿ. ಮನೆಯವರನ್ನೋ ಗೆಳೆಯರನ್ನೋ ಸಭಾಪಾಲಕರನ್ನೋ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು, ಇದ್ದದ್ದನ್ನು ಇದ್ದಂತೆ ಅವರಿಗೆ ಹೇಳಿ.