ಅಮ್ಮನಿಗೆ ಮಂಜುಗಡ್ಡೆ ತೋರಿಸೋಕೆ ಹೋದ ವ್ಯಾನು

ಕ್ಯಾಂಪರ್‌ವ್ಯಾನ್‌ನಲ್ಲಿ ಸುತ್ತಿದರೆ ಹೋಟೆಲ್ ದುಡ್ಡು ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಾಡಿಗೆ, ಇನ್ಶೂರೆನ್ಸ್, ಡೀಸೆಲ್, ಕ್ಯಾಂಪ್‌ಸೈಟ್ ಶುಲ್ಕ ಎಲ್ಲವನ್ನೂ ಎಕ್ಸೆಲ್ ಶೀಟಿಗೆ ಹಾಕಿ ನೋಡಿದ್ದೇನೆ. ಕಾರು ಮತ್ತು ಸಾಧಾರಣ ಮೋಟೆಲ್‌ನ ಖರ್ಚಿಗೆ ಹೆಚ್ಚುಕಡಿಮೆ ಸಮ. ಆದರೂ ನ್ಯೂಜಿಲೆಂಡಿನ ದಕ್ಷಿಣ ದ್ವೀಪ ಸುತ್ತಲು ನಾವು ವ್ಯಾನನ್ನೇ ಆರಿಸಿಕೊಂಡಿದ್ದು ಅಮ್ಮನಿಗೋಸ್ಕರ. ಮಂಡಿನೋವು, ಗಂಟೆ ಗಂಟೆಗೂ ಟಾಯ್ಲೆಟ್, ಹೊರಗಿನ ಊಟ ಸೇರಲ್ಲ. "ನೀವಿಬ್ರೂ ಹೋಗ್ಬನ್ನಿ, ನಾನ್ಯಾಕೋ ಮಧ್ಯೆ?" ಅನ್ನುತ್ತಿದ್ದವಳಿಗೆ ಇದ್ದದ್ದು ಒಂದೇ ಆಸೆ: ಫ್ರಿಜ್ಜಿನದ್ದಲ್ಲದ ಮಂಜುಗಡ್ಡೆ ನೋಡಬೇಕು.

ಸಿಂಗಪುರದಲ್ಲಿ ವಿಮಾನ ಬದಲಿಸಿ ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದೆವು. ತಿನ್ನುವ ಪದಾರ್ಥ ಏನೇ ತಂದಿದ್ದರೂ ಡಿಕ್ಲೇರ್ ಮಾಡಬೇಕು, ಇಲ್ಲದಿದ್ದರೆ 400 ಡಾಲರ್ ದಂಡ. ಅಮ್ಮನ ಚಟ್ನಿಪುಡಿಯನ್ನು ಅಧಿಕಾರಿ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು. 2011ರ ಫೆಬ್ರವರಿ 22ರ ಭೂಕಂಪದಲ್ಲಿ 185 ಜನರನ್ನು ಕಳೆದುಕೊಂಡ ಊರು ಇದು. ಆ ತಾರೀಖು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ವ್ಯಾನ್ ಓಡಿಸೋದು ಕಷ್ಟವಲ್ಲ. ನಮ್ಮ ಹಾಗೇ ಎಡಗಡೆ, ಇಂಗ್ಲಿಷಿನಲ್ಲಿರುವ ನಮ್ಮ ಡಿಎಲ್ ನಡೆಯುತ್ತೆ. ಒಂದೇ ಲೇನಿನ ಸೇತುವೆಗಳು ಮಾತ್ರ ಹೊಸ ಅನುಭವ. ನಿಮ್ಮ ದಿಕ್ಕಿನ ಬಾಣ ಕೆಂಪಗೆ, ಚಿಕ್ಕದಾಗಿದ್ದರೆ ನಿಂತು ಎದುರಿನವರಿಗೆ ದಾರಿ ಬಿಡಬೇಕು. ಹಾರ್ನ್ ಹೊಡೆದು ನುಗ್ಗೋ ನಮ್ಮ ಬೆಂಗಳೂರು ವಿದ್ಯೆಗೆ ಅಲ್ಲಿ ಕೆಲಸವಿಲ್ಲ.

ನಿಜವಾದ ಪಾಠ ಟಾಯ್ಲೆಟ್‌ದು. ನಮ್ಮದು 'ಸೆಲ್ಫ್ ಕಂಟೇನ್ಡ್' ವ್ಯಾನ್. ಅಂದರೆ ಕನಿಷ್ಠ ಮೂರು ದಿನದ ಕುಡಿಯುವ ನೀರು, ತೊಳೆದ ನೀರು, ಶೌಚ ಎಲ್ಲವೂ ಗಾಡಿಯೊಳಗೇ ಇರಬೇಕು. ಒಂದು ತೊಟ್ಟೂ ನೆಲಕ್ಕೆ ಬೀಳಬಾರದು. 2023ರ ಕಾನೂನಿನ ಪ್ರಕಾರ ಟಾಯ್ಲೆಟ್ ಗಾಡಿಗೇ ಫಿಕ್ಸ್ ಆಗಿರಬೇಕು. ಅದರ ಕೆಳಗೆ ಸೂಟ್‌ಕೇಸ್ ಥರದ ಒಂದು ಕ್ಯಾಸೆಟ್ ಇರುತ್ತೆ. ತುಂಬಿದಾಗ ಎಳೆದು, ಡಂಪ್ ಸ್ಟೇಷನ್‌ಗೆ ಒಯ್ದು, ಸುರಿದು ತೊಳೆಯಬೇಕು. ಆ ಕೆಲಸ ನನ್ನ ಪಾಲಿಗೆ.

ಇದು ಗೊತ್ತಾದ ಮೇಲೆ ಅಮ್ಮ ನೀರು ಕುಡಿಯೋದನ್ನೇ ಬಿಟ್ಟಳು. ಎರಡು ದಿನ ಬರೀ ಪೆಟ್ರೋಲ್ ಬಂಕು, ಕ್ಯಾಂಪ್‌ಸೈಟುಗಳ ಟಾಯ್ಲೆಟ್ಟು. ಎರಡನೇ ರಾತ್ರಿ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಒಬ್ಬಳೇ ಹೊರಗೆ ಹೊರಟಿದ್ದವಳನ್ನು ತಡೆದು ಕೇಳಿದರೆ, "ನನ್ನ ಮಗನ ಕೈಲಿ ಆ ಕೆಲಸ ಮಾಡಿಸ್ಲಾ? ಆಗಲ್ಲ ಕಣೋ" ಅಂದಳು. ನನಗೆ ಮಾತೇ ಹೊರಡಲಿಲ್ಲ. ಮೇಲಿನ ಹಾಸಿಗೆಯಿಂದ ನನ್ನ ಹೆಂಡತಿ, "ಅತ್ತೆ, ಇವರದ್ದನ್ನ ನೀವು ಎರಡು ವರ್ಷ ತೊಳೆದಿಲ್ವಾ? ಈಗ ಅವರ ಸರದಿ" ಅಂದಳು. ಅಮ್ಮ ಒಂದು ಕ್ಷಣ ಸುಮ್ಮನಿದ್ದು ಜೋರಾಗಿ ನಕ್ಕಳು. ಬೆಳಗ್ಗೆ ಎದ್ದಾಗ ನೀರಿನ ಬಾಟಲಿ ಖಾಲಿ!

ಬರ್ಕ್ಸ್ ಪಾಸ್ ದಾಟಿ ಟೆಕಪೊ ಸರೋವರ, ಆಮೇಲೆ ಪುಕಾಕಿ. ನೀರಿನ ಬಣ್ಣ ಫೋಟೋದಲ್ಲಿ ಎಡಿಟ್ ಮಾಡಿದ್ದಲ್ಲ, ನಿಜಕ್ಕೂ ಹಾಲು ಬೆರೆಸಿದ ನೀಲಿ. ಹಿಮನದಿ ಬಂಡೆಯನ್ನು ಅರೆದು ಮಾಡಿದ ಸಣ್ಣ ಹಿಟ್ಟು ನೀರಲ್ಲಿ ತೇಲುತ್ತಾ ಬೆಳಕನ್ನು ಚದುರಿಸುತ್ತೆ. "ಹಾಗಾದ್ರೆ ಮೇಲೆ ಯಾರೋ ಗಿರಣಿ ಇಟ್ಟಿದಾರೆ" ಅಂದಳು ಅಮ್ಮ.

ಔರಾಕಿ ಅಥವಾ ಮೌಂಟ್ ಕುಕ್, 3,724 ಮೀಟರ್, ಆ ದೇಶದ ಅತಿ ಎತ್ತರದ ಶಿಖರ. ಮಾವೊರಿಗಳ ನಾಯ್ ತಾಹು ಬುಡಕಟ್ಟಿಗೆ ಅದು ಪೂರ್ವಜ. 1998ರಿಂದ ಎರಡೂ ಹೆಸರು ಅಧಿಕೃತ. ನಾವು ಹೋದ ದಿನ ಆ ಪೂರ್ವಜರು ಮೋಡ ಹೊದ್ದು ಮಲಗಿದ್ದರು. ಟೂರ್ ಬಸ್ಸುಗಳು ಬಂದು ಮೋಡದ ಮುಂದೆ ಸೆಲ್ಫಿ ತೆಗೆದುಕೊಂಡು ಹೋದವು. ನಾವು ಬುಡದ ವೈಟ್ ಹಾರ್ಸ್ ಹಿಲ್ ಕ್ಯಾಂಪ್‌ಸೈಟ್‌ನಲ್ಲಿ ಅನ್ನ ಸಾರು ಮಾಡಿಕೊಂಡು ಕಾದೆವು. ವ್ಯಾನಿಗೆ ಕೊಟ್ಟ ದುಡ್ಡು ಇದಕ್ಕೇ ಅಂತ ನನ್ನ ಲೆಕ್ಕ. ಮರುದಿನ ಬೆಳಗ್ಗೆ ಪರದೆ ಸರಿಸಿದರೆ ಇಡೀ ಶಿಖರ ಕಿಟಕಿಯಲ್ಲಿತ್ತು.

ಅಂದೇ ಟ್ಯಾಸ್ಮನ್ ಹಿಮನದಿ ನೋಡಲು ಹೋದೆವು. ದಿಬ್ಬಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. "ಚಾಮುಂಡಿ ಬೆಟ್ಟದ ಸಾವಿರ ಹತ್ತಿದೋಳು ನಾನು" ಅಂತ ಅಮ್ಮ ಕೂತು ಎದ್ದು ಹತ್ತಿಯೇ ಬಿಟ್ಟಳು. ದಾರಿಯಲ್ಲಿ 'ಬ್ಲೂ ಲೇಕ್ಸ್' ಅನ್ನೋ ಕೊಳಗಳಿವೆ. ಅವು ಈಗ ಹಸಿರು. ಹಿಮನದಿಯ ನೀರು ಬರೋದು ನಿಂತು ಬರೀ ಮಳೆನೀರು ಸೇರುತ್ತೆ. ಹೆಸರು ಮಾತ್ರ ಹಳೆಯದು.

ಮೇಲಿಂದ ಕಂಡದ್ದು ಕಿಲೋಮೀಟರ್‌ಗಟ್ಟಲೆ ಉದ್ದದ ಬೂದು ಸರೋವರ, ದೂರದ ತುದಿಯಲ್ಲಿ ಕಲ್ಲುಮಣ್ಣು ಮುಚ್ಚಿದ ಮಂಜು. 1973ರಲ್ಲಿ ಈ ಸರೋವರವೇ ಇರಲಿಲ್ಲ. ಆಗ ಅಮ್ಮ ನಾಲ್ಕನೇ ಕ್ಲಾಸು. ಹಿಮನದಿ ಹಿಂದೆ ಸರಿದಷ್ಟೂ ನೀರು ಮುಂದೆ ಬಂತು. ಕ್ರೈಸ್ಟ್‌ಚರ್ಚ್ ಅಲುಗಾಡಿದ ಆ ಫೆಬ್ರವರಿ 22ರಂದೇ ಇಲ್ಲಿ ಸುಮಾರು 3 ಕೋಟಿ ಟನ್ ಮಂಜು ಒಮ್ಮೆಲೇ ಕಳಚಿಬಿದ್ದು, ಸರೋವರದಲ್ಲಿ ಮೂರೂವರೆ ಮೀಟರ್‌ವರೆಗಿನ ಅಲೆ ಎದ್ದಿತ್ತು. ಇದನ್ನೆಲ್ಲ ವಿವರಿಸುತ್ತಿದ್ದರೆ ಅಮ್ಮ, "ಮುಟ್ಟೋಕೆ ಸಿಗುತ್ತಾ?" ಅಂತ ಕೇಳಿದಳು.

ದಡಕ್ಕೆ ಬೇರೆ ದಾರಿಯಿದೆ, ಮೆಟ್ಟಿಲಿಗಿಂತ ಸಲೀಸು. ಅಲ್ಲಿ ತೇಲಿ ಬಂದು ಕಲ್ಲಿಗೆ ಸಿಕ್ಕಿಕೊಂಡಿದ್ದ ಬೊಗಸೆಯಷ್ಟು ತುಂಡು ಸಿಕ್ಕಿತು. ಫ್ರಿಜ್ಜಿನದ್ದರ ಹಾಗೆ ನಡುವೆ ಬೆಳ್ಳಗಿಲ್ಲ, ಗಾಜಿನಷ್ಟು ತಿಳಿ. ಅಮ್ಮ ಕೈ ಮರಗಟ್ಟುವವರೆಗೂ ಹಿಡಿದುಕೊಂಡು, ಮತ್ತೆ ನೀರಿಗೇ ಬಿಟ್ಟಳು. ಸೊಸೆ ಕೊಟ್ಟ ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ನಡೀರಿ, ವ್ಯಾನಲ್ಲಿ ಕಾಫಿ ಮಾಡ್ತೀನಿ" ಅಂದಳು.