ನೆಗೆಟಿವಿನಲ್ಲೇ ಉಳಿದವರು

ಆಳಂದ ಸೀಮೆಯ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿ ಕಡೆ ಹರಿಯುತ್ತದೆ. ಹೆಚ್ಚುಕಡಿಮೆ ಅದೇ ದಾರಿ ಹಿಡಿದು ಹಳೆಯ ಸ್ಟುಡಿಯೋಗಳನ್ನು ಹುಡುಕುತ್ತ ಹೋದೆ. ನಮ್ಮಜ್ಜಿಯ ತವರು ಜೇವರ್ಗಿ ಕಡೆ, ಕೊಟ್ಟದ್ದು ಆಳಂದಕ್ಕೆ. ಉಳಿದ ಒಂದೇ ಫೋಟೋ ಮಾಸಿದೆ. ನೆಗೆಟಿವ್ ಸಿಕ್ಕೀತೇನೋ ಅಂತ ಆಸೆ.

“ತೆಗೆದದ್ದೆಲ್ಲಾ ಪ್ರಿಂಟ್ ಹಾಕ್ತಿದ್ರೇನ್ರಿ ಕಾಕಾ?” ಅಂತ ಆಳಂದದ ಹಿರಿಯ ಫೋಟೋಗ್ರಾಫರನ್ನು ಕೇಳಿದೆ.

“ಎಲ್ಲೀದವ್ವಾ! ಪಾಸ್‌ಪೋರ್ಟ್ ಸೈಜಿಂದು ದಿನಾ ಹಾಕ್ತಿದ್ವಿ. ದೊಡ್ಡದು ಬೇಕಂತ ಬರೋರು ಮನ್ಯಾಗ ಯಾರರ ಹೋದ ಮ್ಯಾಲೇ. ಮದುವಿ ಗ್ರೂಪಿನಾಗಿಂದ ಮುಖ ಒಂದೇ ಎತ್ತಿ, ಮೂರನೇ ದಿನಕ್ಕ ಕೊಡಬೇಕು.”

ಕೆಂಪು ಬಲ್ಬು, ಎನ್‌ಲಾರ್ಜರು, ಡೆವಲಪರ್, ನೀರು, ಹೈಪೊ. ಡೆವಲಪರಿಗೆ 20 ಡಿಗ್ರಿ ಹಿತ. ನಮ್ಮ ಬೇಸಿಗೆಯೋ 40 ದಾಟುತ್ತದೆ! ತಟ್ಟೆಯ ಕೆಳಗೆ ಐಸ್ ಇಟ್ಟು ರಾತ್ರಿಯೇ ಕೆಲಸ. ಕರೆಂಟು ಹೋದರೆ ಅದೂ ಇಲ್ಲ.

ಅಫಜಲಪುರದಲ್ಲಿ ಡಾರ್ಕ್‌ರೂಮು ಝೆರಾಕ್ಸ್ ಅಂಗಡಿಯಾಗಿದೆ. ಕಲರ್ ಬಂದ ಮೇಲೆ ರೋಲು ಬಸ್ಸಿನಲ್ಲಿ ಕಲಬುರಗಿ ಲ್ಯಾಬಿಗೆ ಹೋಗುತ್ತಿತ್ತಂತೆ. 36ಕ್ಕೆ 36 ಪ್ರಿಂಟ್ ಆಗಲೇ ಶುರುವಾದದ್ದು.

ಜೇವರ್ಗಿ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ, ತೀರಿಹೋದ ಫೋಟೋಗ್ರಾಫರರ ಮನೆಯ ಬಿಸ್ಕೀಟು ಡಬ್ಬಿ ಸಿಕ್ಕಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ನೀರು ಹೊಕ್ಕು ಅರ್ಧ ನೆಗೆಟಿವ್ ಒಂದಕ್ಕೊಂದು ಅಂಟಿವೆ. ಉಳಿದವನ್ನು ಕಿಟಕಿಗೆ ಹಿಡಿದೆ. ನೆಗೆಟಿವಿನಲ್ಲಿ ಎಲ್ಲರ ಕೂದಲೂ ಬೆಳ್ಳಗೆ, ಅಜ್ಜಿಯನ್ನು ಗುರುತಿಸುವುದು ಹೇಗೆ? ಮೊಬೈಲಿನಲ್ಲಿ ತೆಗೆದು ಬಣ್ಣ ತಿರುಗಿಸಿ ಒಂದೊಂದೇ ನೋಡತೊಡಗಿದೆ.

ಚಹಾ ತಂದ ಆ ಮನೆಯ ಸೊಸೆ ಬಗ್ಗಿ ನೋಡಿದರು.

“ಅಕ್ಕಾರ, ತಡೀರಿ... ಇದು ನಮ್ಮತ್ತಿ ಅಲ್ಲೇನ್ರಿ? ಅವರದೊಂದೂ ಫೋಟೋ ಇಲ್ಲ ಅಂದ್ಕೊಂಡಿದ್ವಿ.”